ನಿಮಗಿದು ಗೊತ್ತೇ? ಬೇಕು ಎನ್ನುವ ಮಿದುಳು, ಸಾಕು ಎನ್ನುವ ಮಿದುಳು

ಊಟವಾದ ಮೇಲಿನ ಎಲೆಯಡಿಕೆ, ಬಸ್ಸಿನಲ್ಲಿ ತಾನಾಗಿ ಕೈಗೆ ಬರುವ ಮೊಬೈಲು, ಪಿಯುಸಿ ಪರೀಕ್ಷೆಗೆ ಮಗಳು ಓದುವ ರಾತ್ರಿ, ವರ್ಷಗಟ್ಟಲೆ ಕಾದ ಮೇಲೆ ಫಸಲು ಕೊಡುವ ತೋಟ. ಇವೆಲ್ಲದರ ಹಿಂದೆ ಮಿದುಳು ಒಂದೇ ಲೆಕ್ಕ ಹಾಕುತ್ತಿರುತ್ತದೆ. ಏನು ಸಿಗುತ್ತದೆ? ಯಾವಾಗ ಸಿಗುತ್ತದೆ? ಅದಕ್ಕೆ ಎಷ್ಟು ದುಡಿಯಬೇಕು? ಈ ಲೆಕ್ಕ ಗೊತ್ತಿದ್ದವರು ಆಸೆಯನ್ನು ಗುರಿಯ ಕಡೆಗೆ ತಿರುಗಿಸಿಕೊಳ್ಳಬಲ್ಲರು. ಶಿವಮೊಗ್ಗ–ಭದ್ರಾವತಿಯ ನಿತ್ಯದ ಬದುಕಿಗೆ ಹತ್ತಿರವಾದ ಒಂದಷ್ಟು ಸಂಗತಿಗಳು ಇಲ್ಲಿವೆ.

ಬೇಕು ಎನ್ನುವ ರಾಸಾಯನಿಕ

● ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕೆ.ಜಿ. ದೇಹದ ತೂಕದಲ್ಲಿ ಅದರ ಪಾಲು ಶೇ 2ರಷ್ಟು, ದೇಹ ಬಳಸುವ ಶಕ್ತಿಯಲ್ಲಿ ಮಾತ್ರ ಶೇ 20ರಷ್ಟು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇಷ್ಟೊಂದು ಕೋಶಗಳ ನಡುವೆ ‘ಡೋಪಮಿನ್’ ಎಂಬ ರಾಸಾಯನಿಕವನ್ನು ತಯಾರಿಸುವವು ಕೆಲವೇ ಲಕ್ಷ. ನಮ್ಮ ಆಸೆ, ಹುಮ್ಮಸ್ಸು, ಕಲಿಕೆಗಳ ಬಹುಪಾಲು ಹೊಣೆ ಈ ಸಣ್ಣ ಗುಂಪಿನದು.

● ಡೋಪಮಿನ್ ಪ್ರಯೋಗಶಾಲೆಯಲ್ಲಿ ಮೊದಲು ತಯಾರಾದದ್ದು 1910ರಲ್ಲಿ, ಲಂಡನ್ನಿನಲ್ಲಿ. ಅದಕ್ಕೆ ಮಿದುಳಿನಲ್ಲಿ ಸ್ವಂತ ಕೆಲಸವಿದೆ ಎಂದು ತೋರಿಸಿದವರು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್, 1950ರ ದಶಕದ ಕೊನೆಯಲ್ಲಿ. ಅವರು ಮೊಲಗಳಿಗೆ ‘ರಿಸರ್ಪಿನ್’ ಕೊಟ್ಟರು. ಮೊಲಗಳು ಅಲುಗಾಡದೆ ಕುಸಿದು ಕುಳಿತವು. ಡೋಪಮಿನ್ ಆಗಿ ಮಾರ್ಪಡುವ ‘ಎಲ್-ಡೋಪಾ’ ಕೊಟ್ಟಾಗ ಮತ್ತೆ ಎದ್ದು ಓಡಾಡಿದವು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಆ ರಿಸರ್ಪಿನ್ ಸಿಗುವುದು ಎಲ್ಲಿಂದ ಗೊತ್ತೇ? ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ.

● ಎಲ್-ಡೋಪಾ ಕೂಡ ನಮಗೆ ದೂರದ ವಸ್ತುವಲ್ಲ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಅದು ಧಾರಾಳವಾಗಿದೆ. ಆ ಬೀಜದಿಂದ ಅದನ್ನು ಬೇರ್ಪಡಿಸಿ 1937ರಲ್ಲಿ ವರದಿ ಮಾಡಿದವರು ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು. ಡೋಪಮಿನ್ ಕೋಶಗಳು ಸಾಯುತ್ತ ಹೋಗುವ ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಎಲ್-ಡೋಪಾ ಮುಖ್ಯ ಔಷಧ. ಬೀಜವನ್ನು ಮಾತ್ರ ವೈದ್ಯರನ್ನು ಕೇಳದೆ ಯಾರೂ ಸೇವಿಸಬಾರದು.

● 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ, ಸನ್ನೆ ಒತ್ತಿದರೆ ಕೊಂಚ ವಿದ್ಯುತ್ ಹರಿಯುವಂತೆ ಮಾಡಿದರು. ತಂತಿ ಕೆಲವು ನಿರ್ದಿಷ್ಟ ಜಾಗದಲ್ಲಿದ್ದಾಗ ಇಲಿಗಳು ಬಿಟ್ಟೂಬಿಡದೆ ಸನ್ನೆ ಒತ್ತಿದವು. ಮಿದುಳಿನಲ್ಲಿ ಪ್ರತಿಫಲಕ್ಕೆಂದೇ ದಾರಿಗಳಿವೆ ಎಂದು ತಿಳಿದದ್ದು ಹೀಗೆ.

● ಇದೇ ಬಗೆಯ ಪ್ರಯೋಗ ಕರ್ನಾಟಕದಲ್ಲೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ.ಎಸ್. ಶಂಕರನಾರಾಯಣ ರಾವ್, ಟಿ. ದೇಸಿರಾಜು ಮತ್ತು ಟಿ.ಆರ್. ರಾಜು 1993ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಪ್ರತಿಫಲದ ಅನುಭವ ಪಡೆದ ಇಲಿಗಳ ನೆನಪಿನ ಕೇಂದ್ರದಲ್ಲೂ ಚಲನೆಯ ಕೇಂದ್ರದಲ್ಲೂ ನರಕೋಶಗಳ ಕವಲುಗಳು ಹೆಚ್ಚಿದ್ದವು. ಪ್ರತಿಫಲ ಆ ಕ್ಷಣಕ್ಕೆ ಮುಗಿಯುವುದಿಲ್ಲ. ಮಿದುಳಿನ ರಚನೆಯನ್ನೇ ತಿದ್ದುತ್ತದೆ.

ನಿರೀಕ್ಷೆಯ ಲೆಕ್ಕ

● ರಾಶಿ ಅಡಿಕೆಗೆ ಕ್ವಿಂಟಲ್‌ಗೆ 45 ಸಾವಿರ ಸಿಗಬಹುದೆಂದು ಶಿವಮೊಗ್ಗದ ಮಂಡಿಗೆ ಬಂದಿದ್ದೀರಿ, 48 ಸಾವಿರ ಸಿಕ್ಕಿತು ಎಂದಿಟ್ಟುಕೊಳ್ಳಿ. ಹಿಗ್ಗು. ನಿಮ್ಮ ಪಕ್ಕದವರು 52 ಸಾವಿರ ಎಣಿಸಿದ್ದರು, ಅವರಿಗೂ 48 ಸಾವಿರವೇ ಸಿಕ್ಕಿತು. ಪೆಚ್ಚುಮೋರೆ. ಹಣ ಒಂದೇ, ಅನುಭವ ಎರಡು. ಡೋಪಮಿನ್ ಕೋಶಗಳು ಅಳೆಯುವುದು ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು.

● ಇದನ್ನು ಕೋತಿಗಳಲ್ಲಿ ಪತ್ತೆ ಮಾಡಿದವರು ವುಲ್ಫ್ರಾಮ್ ಶುಲ್ಟ್ಸ್. ಹಣ್ಣಿನ ರಸದ ಹನಿ ಅನಿರೀಕ್ಷಿತವಾಗಿ ಸಿಕ್ಕಾಗ ಕೋಶಗಳು ಚುರುಕಾದವು. ರಸಕ್ಕೆ ಮೊದಲು ದೀಪ ಹೊತ್ತುತ್ತದೆ ಎಂದು ಕೋತಿ ಕಲಿತ ಮೇಲೆ ದೀಪಕ್ಕೇ ಚುರುಕಾದವು, ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿ ರಸ ಬಾರದಿದ್ದಾಗ ಇದ್ದ ಸದ್ದೂ ಅಡಗಿತು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್, ರೀಡ್ ಮಾಂಟೆಗ್ಯು ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು. ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕಲಿಯುವ ಒಂದು ವಿಧಾನಕ್ಕೂ ಈ ಲೆಕ್ಕಕ್ಕೂ ಗಣಿತ ಒಂದೇ.

● ನಿರಾಶೆಗೂ ಮಿದುಳಿನಲ್ಲಿ ಒಂದು ಜಾಗವಿದೆ. ಹೆಸರು ‘ಹೆಬೆನ್ಯುಲಾ’. ಬರಬೇಕಾದದ್ದು ಬಾರದಿದ್ದಾಗ ಇದು ಚುರುಕಾಗಿ ಡೋಪಮಿನ್ ಕೋಶಗಳನ್ನು ತಡೆಯುತ್ತದೆ ಎಂದು 2007ರಲ್ಲಿ ಮತ್ಸುಮೊಟೊ ಮತ್ತು ಹಿಕೊಸಾಕ ತೋರಿಸಿಕೊಟ್ಟರು.

● ಸಕ್ರೆಬೈಲಿನ ಬಿಡಾರದಲ್ಲಿ ಹೇಳಿದ್ದು ಕೇಳಿದ ಆನೆಮರಿಗೆ ಮಾವುತ ಬೆಲ್ಲ ಕೊಡುವುದಾದರೆ ಆ ಕ್ಷಣದಲ್ಲೇ ಕೊಡಬೇಕು. ತಡವಾದರೆ ಯಾವ ಕೆಲಸಕ್ಕೆ ಸಿಕ್ಕಿದ ಬೆಲ್ಲವೆಂದು ಮರಿಗೆ ತಿಳಿಯದು. ಹಿತವಾದ ಫಲ ತಂದ ನಡೆ ಮರುಕಳಿಸುತ್ತದೆ ಎಂಬ ಸೂತ್ರಕ್ಕೆ ವೈಜ್ಞಾನಿಕ ಬುನಾದಿ ಹಾಕಿದ್ದು ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗ.

● ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ರಾಗ ಏರುತ್ತ ಹೋದಂತೆ ಕೇಳುವವರ ಮೈ ಏಕೆ ಜುಮ್ಮೆನ್ನುತ್ತದೆ? ಇಷ್ಟದ ಸಂಗೀತ ಕೇಳುವಾಗ ಡೋಪಮಿನ್ ಎರಡು ಸಲ ಬಿಡುಗಡೆಯಾಗುತ್ತದೆ ಎಂದು ಮಾಂಟ್ರಿಯಲ್ಲಿನ ವಿಜ್ಞಾನಿಗಳು 2011ರಲ್ಲಿ ಕಂಡುಕೊಂಡರು. ರಸಘಟ್ಟಕ್ಕೆ ಕಾಯುವಾಗ ಒಂದು ಭಾಗದಲ್ಲಿ, ರಸಘಟ್ಟ ಬಂದಾಗ ಇನ್ನೊಂದು ಭಾಗದಲ್ಲಿ.

ಸೆಳೆತದ ಬಲೆ

● ‘ಬೇಕು’ ಬೇರೆ, ‘ಇಷ್ಟ’ ಬೇರೆ. ಅಮೆರಿಕದ ಕೆಂಟ್ ಬೆರಿಡ್ಜ್ ಅವರ ಪ್ರಯೋಗಗಳಲ್ಲಿ ಡೋಪಮಿನ್ ಕಳೆದುಕೊಂಡ ಇಲಿಗಳು ಬಾಯಿಗೆ ಹಾಕಿದ ಸಿಹಿಯನ್ನು ಚಪ್ಪರಿಸುತ್ತಿದ್ದವು, ಆದರೆ ಎದುರಿಗಿದ್ದ ಆಹಾರದ ಬಳಿಗೂ ಹೋಗುತ್ತಿರಲಿಲ್ಲ. ಇದಕ್ಕೆ ತಿರುಗುಮುರುಗಾದ ಸ್ಥಿತಿಯೇ ಚಟ: ಸುಖ ಕರಗಿ ಹೋಗಿರುತ್ತದೆ, ಬೇಕೆಂಬ ತುಡಿತ ಮಾತ್ರ ಬೆಳೆಯುತ್ತಲೇ ಇರುತ್ತದೆ. ಗಂಟೆಗಟ್ಟಲೆ ರೀಲ್ಸ್ ನೋಡಿದವರು ಖುಷಿಯಿಲ್ಲದೆ ಏಳುವುದೂ ಹೀಗೆಯೇ.

● ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಹೆಸರು ಯಾವುದಿದ್ದರೂ ಅಡಿಕೆಯಲ್ಲಿ ‘ಅರೆಕೊಲಿನ್’ ಇದೆ. ತಂಬಾಕಿನ ನಿಕೋಟಿನ್ ಚಟ ಹತ್ತಿಸುವುದು ನರಕೋಶದ ಯಾವ ಗ್ರಾಹಕಗಳ ಮೂಲಕವೋ, ಅರೆಕೊಲಿನ್ ಕೂಡ ಅವುಗಳ ಮೇಲೆ ಕೆಲಸ ಮಾಡುತ್ತದೆ ಎಂದು ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿದೆ. ಸಾವಿರಾರು ಮನೆಗಳ ಒಲೆ ಅಡಿಕೆಯಿಂದಲೇ ಉರಿಯುವ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ. ಆದರೆ ಶಾಲೆಗೆ ಹೋಗುವ ಹುಡುಗರ ಕಿಸೆಯಲ್ಲಿ ಪೊಟ್ಟಣ ಕಂಡಾಗ ಸುಮ್ಮನಿರುವುದು ತಪ್ಪು.

● ಓಸಿ ಚೀಟಿ ಬರೆಸುವವರು ಕಳೆದುಕೊಂಡರೂ ಮರುದಿನ ಮತ್ತೆ ಬರೆಸುವುದೇಕೆ? ಸಿಗುವುದೋ ಇಲ್ಲವೋ ಎಂಬುದು ಸರಿಸಮವಾಗಿದ್ದಾಗ, ಫಲಕ್ಕಾಗಿ ಕಾಯುವ ಹೊತ್ತಿನಲ್ಲಿ ಡೋಪಮಿನ್ ಕೋಶಗಳ ಚಟುವಟಿಕೆ ಅತಿ ಹೆಚ್ಚಾಗಿರುತ್ತದೆ ಎಂದು 2003ರ ಒಂದು ಪ್ರಯೋಗ ಕಂಡುಕೊಂಡಿತು. ‘ಒಂದೇ ನಂಬರಿನಲ್ಲಿ ತಪ್ಪಿತು’ ಎಂಬಂಥ ಸೋಲು ಕೂಡ ಮಿದುಳಿನ ಪ್ರತಿಫಲ ಭಾಗವನ್ನು ಕೆರಳಿಸುತ್ತದೆ ಎಂದು 2009ರ ಇನ್ನೊಂದು ಅಧ್ಯಯನ ತಿಳಿಸಿತು. ಸೋಲು ಸೋಲಾಗಿಯೇ ಕಾಣದಿರುವುದು ಜೂಜಿನ ದೊಡ್ಡ ಮೋಸ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು.

● ಡೋಪಮಿನ್‌ನಂತೆ ವರ್ತಿಸುವ ಔಷಧಗಳನ್ನು ತೆಗೆದುಕೊಳ್ಳುವ ಕೆಲವು ಪಾರ್ಕಿನ್ಸನ್ ರೋಗಿಗಳಲ್ಲಿ ಹಿಂದೆಂದೂ ಇಲ್ಲದ ಜೂಜಿನ ಗೀಳು ಹುಟ್ಟುವುದುಂಟು. ಔಷಧ ಬದಲಿಸಿದರೆ ಅಥವಾ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಅದು ಇಳಿಯುತ್ತದೆ. ಚಟವನ್ನು ಕೇವಲ ನಡತೆಗೇಡು ಎಂದು ಜರೆಯುವವರು ಇದನ್ನು ತಿಳಿದಿರಬೇಕು.

ಗುರಿ ಮತ್ತು ಲಗಾಮು

● ಹಣೆಯ ಹಿಂದಿರುವ ಮುಮ್ಮಿದುಳಿನ ಭಾಗ ಗುರಿಯನ್ನು ನೆನಪಿನಲ್ಲಿಟ್ಟುಕೊಂಡು ಆಸೆಗೆ ಲಗಾಮು ಹಾಕುತ್ತದೆ. ಇದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಪ್ರತಿಫಲದ ಸೆಳೆತವೋ ಹದಿಹರೆಯದಲ್ಲೇ ಜೋರು. ಹದಿನಾರರ ಮಗನಿಗೆ ಹಿರಿಯರ ಬೈಗುಳಕ್ಕಿಂತ ಹಿರಿಯರ ಒತ್ತಾಸೆ ಬೇಕಾಗುವುದು ಇದಕ್ಕೇ.

● ಆ ಭಾಗಕ್ಕೆ ಪೆಟ್ಟಾದರೆ ಏನಾಗುತ್ತದೆ? 1848ರ ಸೆಪ್ಟೆಂಬರ್ 13ರಂದು ಅಮೆರಿಕದ ರೈಲು ಹಳಿ ಕಾಮಗಾರಿಯಲ್ಲಿ ಸಿಡಿಮದ್ದು ಸ್ಫೋಟಿಸಿ, ಒಂದು ಮೀಟರಿಗಿಂತ ಉದ್ದದ, ಸುಮಾರು 6 ಕೆ.ಜಿ. ತೂಕದ ಕಬ್ಬಿಣದ ಸಲಾಕೆ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆತ ಬದುಕಿದ, ಮಾತಾಡಿದ. ಆದರೆ ಹಾಕಿಕೊಂಡ ಯೋಜನೆಗೆ ಅಂಟಿಕೊಳ್ಳಲಾರದೆ ಚಂಚಲನಾದ ಎಂದು ಅವನ ವೈದ್ಯರು ದಾಖಲಿಸಿದರು. ಮುಂದೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ್ದೂ ಉಂಟು. ಗಾಯಗೊಂಡ ಮಿದುಳೂ ಕ್ರಮವಾದ ಕೆಲಸದಿಂದ ಚೇತರಿಸಿಕೊಳ್ಳಬಲ್ಲದು.

● ದೂರದ ಗುರಿ ಎಂದರೆ ಭದ್ರಾವತಿಯನ್ನು ನೆನೆಯಬೇಕು. ಸರ್ ಎಂ. ವಿಶ್ವೇಶ್ವರಯ್ಯ ಅವರ ಮುಂದಾಳತ್ವದಲ್ಲಿ 1918ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಕಬ್ಬಿಣ ತಯಾರಾಗಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಿಲು, ಭದ್ರೆಯಿಂದ ನೀರು. ಒಂದೊಂದನ್ನೂ ಬೇರೆ ಬೇರೆ ಗುರಿಯಾಗಿ ಮೊದಲು ಈಡೇರಿಸಬೇಕಿತ್ತು. ಮುಮ್ಮಿದುಳು ದೊಡ್ಡ ಗುರಿಯನ್ನು ಹೀಗೆಯೇ ಒಳಗುರಿಗಳಾಗಿ ಒಡೆಯುತ್ತದೆ.

● ಗುರಿ ಹತ್ತಿರವಾದಂತೆ ಹುಮ್ಮಸ್ಸು ಏರುವುದು ಬರೀ ಅನಿಸಿಕೆಯಲ್ಲ. ಇಲಿಗಳು ಸುತ್ತುದಾರಿಯಲ್ಲಿ ಪ್ರತಿಫಲದ ಕಡೆಗೆ ಸಾಗಿದಂತೆ ಡೋಪಮಿನ್ ಮಟ್ಟ ಮೆಲ್ಲಗೆ ಏರುತ್ತ ಹೋಗುವುದನ್ನು ಅಮೆರಿಕದ ಆ್ಯನ್ ಗ್ರೇಬಿಯಲ್ ತಂಡ 2013ರಲ್ಲಿ ಅಳೆಯಿತು. ಪಾಠಪಟ್ಟಿಯನ್ನು ತುಂಡು ಮಾಡಿಕೊಂಡು ಓದುವ ವಿದ್ಯಾರ್ಥಿಗೆ ‘ಹತ್ತಿರ ಬಂದೆ’ ಎಂಬ ಬಲ ದಿನದಿನವೂ ಸಿಗುತ್ತದೆ.

● ಇಂದೇ 500 ರೂಪಾಯಿಯೋ, ಮುಂದಿನ ತಿಂಗಳು 600 ರೂಪಾಯಿಯೋ? ಬಹಳ ಜನ ಇಂದಿನದನ್ನೇ ಆರಿಸುತ್ತಾರೆ. ತಡವಾದಷ್ಟೂ ಫಲದ ಬೆಲೆಯನ್ನು ಮಿದುಳು ಕಡಿತ ಮಾಡುತ್ತದೆ. ಹಾಗಿದ್ದೂ ನಮ್ಮ ರೈತರು ಐದಾರು ವರ್ಷ ಫಸಲಿಲ್ಲದ ಅಡಿಕೆ ಸಸಿಗೆ ನೀರು, ಗೊಬ್ಬರ ಹಾಕುತ್ತಾರೆ. ಮುಂದೆ ಬರುವ ದಿನವನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಂಡವರಿಗೆ ಕಾಯುವ ತಾಳ್ಮೆ ಹೆಚ್ಚುತ್ತದೆ ಎಂದು 2010ರ ಒಂದು ಜರ್ಮನ್ ಅಧ್ಯಯನ ಹೇಳಿದೆ.

● ‘ಈಗ ಒಂದು ಮಿಠಾಯಿ, ಕಾದರೆ ಎರಡು’ ಎಂಬ ವಾಲ್ಟರ್ ಮಿಶೆಲ್ ಅವರ ಪ್ರಯೋಗ ಜಗತ್ಪ್ರಸಿದ್ಧ. ಕಾಯಬಲ್ಲ ಮಗು ಮುಂದೆ ಗೆಲ್ಲುತ್ತದೆ ಎಂಬುದು ಅದರ ಪಾಠವೆಂದು ಎಲ್ಲರೂ ನಂಬಿದ್ದರು. 2018ರಲ್ಲಿ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದಾಗ ಆ ನಂಟು ಬಹಳ ಸಣ್ಣದೆಂದು, ಮನೆಯ ಸ್ಥಿತಿಗತಿ ಲೆಕ್ಕಕ್ಕೆ ತಂದರೆ ಇನ್ನೂ ಕುಗ್ಗುತ್ತದೆಂದು ತಿಳಿಯಿತು. ಕೊಟ್ಟ ಮಾತು ಉಳಿಯುವ ಮನೆಯಲ್ಲಿ ಬೆಳೆದ ಮಗು ಕಾಯುತ್ತದೆ.

● ಒಂದು ಸೋಲಿಗೆ ಗುರಿ ಕೈಬಿಡಬಾರದು ಎನ್ನುವುದಕ್ಕೆ ನಮ್ಮೂರಿನ ಕ್ರಿಕೆಟಿಗರೇ ಉದಾಹರಣೆ. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರ ಕಾನ್ಪುರ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ಎರಡನೆಯದರಲ್ಲಿ 137 ಹೊಡೆದರು. ಅದು ಅವರ ಮೊದಲ ಟೆಸ್ಟ್. ಅದೂ ಸೇರಿ ಟೆಸ್ಟ್‌ಗಳಲ್ಲಿ ಅವರು ಗಳಿಸಿದ ಶತಕಗಳು ಒಟ್ಟು 14. ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ.

● ಹೊಡೆಯಲು ಎತ್ತಿದ ಬ್ಯಾಟನ್ನು ತಡೆದು ಚೆಂಡನ್ನು ಬಿಟ್ಟುಬಿಡುವುದೂ ಒಂದು ಕೆಲಸವೇ. ಶುರುವಾಗಲಿರುವ ಕ್ರಿಯೆಯನ್ನು ನಿಲ್ಲಿಸಲು ಮಿದುಳಿಗೆ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಮೂರ್ತಿ ಅವರ ತಂಡ, ಕಣ್ಣಿನ ಚಲನೆಯನ್ನು ಮಿದುಳು ಹೇಗೆ ಯೋಜಿಸುತ್ತದೆ, ಹೇಗೆ ತಡೆಯುತ್ತದೆ ಎಂದು ಅಧ್ಯಯನ ಮಾಡುತ್ತಿದೆ.

ರೂಢಿಯ ಬಲ

● ಗುರಿಯಿಂದ ಮಾಡುವ ಕೆಲಸ, ರೂಢಿಯಿಂದ ಮಾಡುವ ಕೆಲಸ, ಎರಡನ್ನೂ ಮಿದುಳಿನ ಬೇರೆ ಬೇರೆ ಭಾಗಗಳು ನಡೆಸುತ್ತವೆ. ತುಂಬ ದಿನ ಸನ್ನೆ ಒತ್ತಿ ರೂಢಿಯಾದ ಇಲಿಗಳು, ಸಿಗುವ ಆಹಾರದ ಮೇಲೆ ಹೇಸಿಗೆ ಹುಟ್ಟಿದ ಮೇಲೂ ಸನ್ನೆ ಒತ್ತುತ್ತಲೇ ಇದ್ದವು. ಶಿವಮೊಗ್ಗದಲ್ಲಿ ಬಸ್ ಹತ್ತಿದವರು ಭದ್ರಾವತಿ ಬರುವವರೆಗೆ ಏನನ್ನೂ ಹುಡುಕದೆ ಮೊಬೈಲು ಉಜ್ಜುವುದು ಈ ಎರಡನೇ ಬಗೆಯದು.

● ಮನಸ್ಸಿಗೆ ಒತ್ತಡ ಹೆಚ್ಚಾದಾಗ ಮಿದುಳು ಗುರಿ ಬಿಟ್ಟು ರೂಢಿಗೆ ವಾಲುತ್ತದೆ ಎಂದು 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಬಿಟ್ಟ ಬೀಡಿ ಕಷ್ಟಕಾಲದಲ್ಲಿ ಮತ್ತೆ ಬಾಯಿಗೆ ಬರುವುದು ಹೀಗೆ.

● ಹೊಸ ಅಭ್ಯಾಸ ಮೈಗೂಡಲು 21 ದಿನ ಸಾಕು ಎಂಬುದು ಸುಳ್ಳು. ಲಂಡನ್ನಿನ ಅಧ್ಯಯನವೊಂದರಲ್ಲಿ ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ ಲೆಕ್ಕದ ಪ್ರಕಾರ 254. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ.

● ಕುತೂಹಲವೂ ಒಂದು ಹಸಿವು. ಉತ್ತರ ತಿಳಿಯಬೇಕೆಂಬ ಆಸೆ ಕೆರಳಿದಾಗ ಪ್ರತಿಫಲದ ಭಾಗ ಚುರುಕಾಗಿ, ಆಗ ಕಂಡದ್ದೆಲ್ಲ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು 2014ರ ಅಧ್ಯಯನ ಹೇಳುತ್ತದೆ. ಮಕ್ಕಳಿಗೆ ಉತ್ತರ ಹೇಳುವ ಮೊದಲು ಪ್ರಶ್ನೆ ಕೇಳಿ.

● ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗೆ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಮನೆಯಿಂದಲೇ ಸಲಹೆ ಪಡೆಯಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತಂಬಾಕು ಬಿಡಬೇಕೆನ್ನುವವರಿಗೆ 1800-11-2356 ಇದೆ. ಚಟ ಮಿದುಳು ಕಲಿತ ಪಾಠ. ಸರಿಯಾದ ನೆರವು ಸಿಕ್ಕರೆ ಅದೇ ಮಿದುಳು ಬೇರೆ ಪಾಠ ಕಲಿಯುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಒದ್ದಾಡುತ್ತಿದ್ದರೆ ಬೈಯುವ ಮೊದಲು ಆ ಸಂಖ್ಯೆಗೆ ಒಂದು ಕರೆ ಮಾಡಿ.