ಬಾವಿಯ ಸೊಳ್ಳೆಗೆ ಗಪ್ಪಿ ಮೀನು

ಶಿವಾಜಿನಗರದ ಬಣ್ಣದ ಮೀನಿನ ಅಂಗಡಿಗಳಲ್ಲಿ, ಗಾಜಿನ ತೊಟ್ಟಿಯೊಳಗೆ ಬಾಲ ಬೀಸುತ್ತ ಓಡಾಡುವ ಪುಟ್ಟ ಗಪ್ಪಿ ಮೀನನ್ನು ಪೇಟೆಗೆ ಹೋದ ರೈತ ಬಾಂಧವರು ನೋಡಿರಬಹುದು. ನೋಟಕ್ಕೆ ಮಕ್ಕಳ ಆಟಿಕೆಯಂತಿದ್ದರೂ ಸೊಳ್ಳೆಗೆ ಇದು ಬದ್ಧ ವೈರಿ.

ರೇಷ್ಮೆ ಸಾಕುವ ಊರುಗಳಲ್ಲಿ ಸೊಳ್ಳೆಯಿಂದ ದೊಡ್ಡ ಇಕ್ಕಟ್ಟು. ಮನೆಗೆ ಔಷಧಿ ಹೊಡೆಸಿದರೆ ಹುಳು ಸಾಯುತ್ತದೆ. ಹೊಡೆಸದಿದ್ದರೆ ಮನೆಮಂದಿಗೆ ಜ್ವರದ ಭಯ. ಇದಕ್ಕೊಂದು ದಾರಿ ಇಂದಿರಾನಗರದ ಕಡೆಯಿಂದ ಬಂತು. ಅಲ್ಲಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಆವರಣದಲ್ಲಿದ್ದ ಮಲೇರಿಯಾ ಸಂಶೋಧನಾ ಘಟಕದ ವಿಜ್ಞಾನಿಗಳು 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರ ಸುತ್ತಿನ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟರು. ಬಾವಿಯಲ್ಲಿ ಬೆಳೆಯುತ್ತಿದ್ದ ಮಲೇರಿಯಾ ಸೊಳ್ಳೆ ತಗ್ಗಿತು, ಜ್ವರವೂ ತಗ್ಗಿತು. ಇದರ ವರದಿ 2005ರಲ್ಲಿ ಪ್ರಕಟವಾಯಿತು.

ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ. ಗಂಡು ಸುಮಾರು 3 ಸೆಂ.ಮೀ. ಉದ್ದ, ಮೈತುಂಬ ಬಣ್ಣ. ಹೆಣ್ಣು ಅದಕ್ಕಿಂತ ದೊಡ್ಡದು, ಬಣ್ಣ ಮಾಸಲು. ಇದು ಮೊಟ್ಟೆ ಇಡುವುದಿಲ್ಲ. ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಹಲವು ಸೂಲು ಮರಿ ಹಾಕಬಲ್ಲದು. ಇದರ ಬಾಯಿ ಮೇಲ್ಮುಖವಾಗಿದೆ. ಆದ್ದರಿಂದ ಉಸಿರಾಟಕ್ಕೆಂದು ನೀರಿನ ಮೇಲ್ಮೈಗೆ ಬರುವ ಸೊಳ್ಳೆಮರಿ ಸುಲಭವಾದ ತುತ್ತಾಗುತ್ತದೆ. ತನ್ನ ಮರಿಗಳನ್ನೂ ತಿನ್ನುವ ಚಾಳಿ ಇರುವುದರಿಂದ, ಮರಿ ಅಡಗಲು ತೊಟ್ಟಿಯಲ್ಲಿ ಸ್ವಲ್ಪ ನೀರುಗಿಡ ಇರಬೇಕು.

ಮೀನಿಗಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನೀರಿನ ಮೇಲ್ಮೈಯ ಒಂದು ಚದರ ಮೀಟರಿಗೆ 5ರಿಂದ 10 ಮೀನು ಸಾಕು. ತಂಪು ಹೊತ್ತಿನಲ್ಲಿ ತನ್ನಿ. ತಂದ ಪಾತ್ರೆಗೆ ಬಾವಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಮೀನು ಹೊಂದಿಕೊಂಡ ಮೇಲೆ ಬಿಡಿ. ಬ್ಲೀಚಿಂಗ್ ಪುಡಿ ಹಾಕುವ ಮುನ್ನ ಕೆಲವು ಮೀನುಗಳನ್ನು ಬೇರೆ ತೊಟ್ಟಿಗೆ ತೆಗೆದಿಡಿ. ಔಷಧಿ ಹೊಡೆಯುವ ಪಂಪನ್ನು ಬಾವಿಕಟ್ಟೆಯಲ್ಲಿ ತೊಳೆಯಲೇಬೇಡಿ.

ಒಂದು ಎಚ್ಚರಿಕೆಯ ಮಾತು. ಬಾವಿಗೆ ಒಳ್ಳೆಯದೆಂದು ಗಪ್ಪಿಯನ್ನು ಕೆರೆಗೂ ಬಿಡಬಾರದು. ಕೆ.ಆರ್. ಪುರದ ಕಡೆ ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹರಿಯುತ್ತದೆ. ಮೀನೂ ಅದರ ಜೊತೆ ಹೋಗುತ್ತದೆ. ಬೇಗ ಹೆಚ್ಚುವ ಈ ಪರದೇಶಿ ಮೀನು ನಮ್ಮ ನಾಟಿ ಮೀನುಗಳ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಒಮ್ಮೆ ನೆಲೆಯೂರಿದರೆ ಕೆರೆಯಿಂದ ತೆಗೆಯುವುದು ಬಹು ಕಷ್ಟ. ಹೊರಹರಿವಿಲ್ಲದ ಬಾವಿ, ಸಿಮೆಂಟ್ ತೊಟ್ಟಿಗಳೇ ಇದಕ್ಕೆ ತಕ್ಕ ಜಾಗ.

ವಾರಕ್ಕೊಮ್ಮೆ ಬಿಳಿ ಬಟ್ಟಲಿನಲ್ಲಿ ಬಾವಿಯ ಅಂಚಿನ ನೀರು ತೆಗೆದು ನೋಡಿ. ಸೊಳ್ಳೆಮರಿ ಕಂಡರೆ ಮೀನು ಸಾಲದೆಂದು ತಿಳಿಯಿರಿ.