ವಿಮಾನಮಾರ್ಗದಲ್ಲಿ ದೂರ ಮತ್ತು ಕಾಲ: ಶೆಟ್ಟಿಹಳ್ಳಿಯ ನೆಲೆಯಿಂದ ಒಂದು ವಿವೇಚನೆ

ದೂರವೆಂಬುದು ಒಂದೇ ಬಗೆಯ ಅಳತೆಯಲ್ಲ. ನಮ್ಮ ಹಿರಿಯರು ದಾರಿಯನ್ನು ಹರದಾರಿ, ಗಾವುದಗಳಲ್ಲಿ ಎಣಿಸುತ್ತಿದ್ದರಾದರೂ ಪಯಣವನ್ನು ದಿನಗಳಲ್ಲಿ ಹೇಳುವುದೇ ರೂಢಿಯಾಗಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನವೂ ದಿನದಿನದ ನಡಿಗೆಯ ಕ್ರಮದಲ್ಲಿಯೇ ಸಾಗುತ್ತದೆ. ದೂರ ಮತ್ತು ಕಾಲಗಳ ಈ ಸಂಬಂಧವು ವಿಮಾನದ ಯುಗದಲ್ಲಿ ಹೇಗೆ ಮಾರ್ಪಟ್ಟಿದೆಯೆಂಬುದನ್ನು ಮೈಸೂರಿನ ಮಂಡಕಳ್ಳಿ ಹಾಗೂ ಶಿವಮೊಗ್ಗದ ಸೋಗಾನೆ ನಿಲ್ದಾಣಗಳ ನಿದರ್ಶನದಿಂದ ಇಲ್ಲಿ ಪರಿಶೀಲಿಸೋಣ.

ಮೊದಲನೆಯದಾಗಿ ನೇರ ದೂರ. ಈ ಎರಡು ನಿಲ್ದಾಣಗಳ ಅಕ್ಷಾಂಶಗಳ ಅಂತರ ಸುಮಾರು 1.62 ಡಿಗ್ರಿ, ಅಂದರೆ ಉತ್ತರ ದಕ್ಷಿಣವಾಗಿ 180 ಕಿಲೋಮೀಟರು. ರೇಖಾಂಶಗಳ ಅಂತರ ಸುಮಾರು 1.05 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿಗೆ 108 ಕಿಲೋಮೀಟರಿನಷ್ಟಾಗುವುದರಿಂದ ಇದು 113 ಕಿಲೋಮೀಟರು. ಇವೆರಡನ್ನೂ ಲಂಬಕೋನ ತ್ರಿಭುಜದ ಭುಜಗಳೆಂದು ಭಾವಿಸಿದರೆ ಕರ್ಣವು ಸುಮಾರು 212 ಕಿಲೋಮೀಟರು. ಈ ರೇಖೆಯು ಹೊಳೆನರಸೀಪುರಕ್ಕೂ ಹಾಸನಕ್ಕೂ ತುಸು ಪೂರ್ವದಲ್ಲಿ ಹಾದುಹೋಗುತ್ತದೆ.

ಎರಡನೆಯದಾಗಿ ಕಾಲ. ಮಂಡಕಳ್ಳಿಯ ಓಡುಹಾದಿಯ ಉದ್ದ 1740 ಮೀಟರು ಮಾತ್ರ. 2023ರಲ್ಲಿ ಉದ್ಘಾಟನೆಗೊಂಡ ಸೋಗಾನೆಯದು 3200 ಮೀಟರು. ಎರಡಕ್ಕೂ ಸಲ್ಲುವುದು ಎ.ಟಿ.ಆರ್. 72ರಂತಹ ಸಣ್ಣ ವಿಮಾನ. ಗಂಟೆಗೆ 500 ಕಿಲೋಮೀಟರು ವೇಗದಲ್ಲಿ 212 ಕಿಲೋಮೀಟರು ಕ್ರಮಿಸಲು 25 ನಿಮಿಷ ಸಾಕು. ಆದರೆ ನೆಲದ ಮೇಲಿನ ಚಲನೆ, ಮೇಲೇರುವಿಕೆ, ಇಳಿಯುವಿಕೆಗಳನ್ನು ಸೇರಿಸಿದರೆ ಮುಕ್ಕಾಲು ಗಂಟೆಗೆ ಕಡಿಮೆಯಾಗದು. ಅದರ ಮೇಲೆ ಒಂದೆರಡು ಗಂಟೆ ಮುಂಚಿತವಾಗಿ ನಿಲ್ದಾಣವನ್ನು ಸೇರುವುದು, ಇಳಿದ ಬಳಿಕ ಊರನ್ನು ಮುಟ್ಟುವುದು. ದಾರಿ ಕಿರಿದಾದಷ್ಟೂ ಈ ಸ್ಥಿರವೆಚ್ಚದ ಪಾಲು ಹಿರಿದಾಗುತ್ತದೆ. ಇದೇ ವಿಷಯದ ತಿರುಳು.

ಇನ್ನು ಶೆಟ್ಟಿಹಳ್ಳಿಯನ್ನು ನೋಡೋಣ. ಇಲ್ಲಿಂದ ಮಂಡಕಳ್ಳಿಗೂ ಸೋಗಾನೆಗೂ ನೇರ ದೂರ ನೂರು ಕಿಲೋಮೀಟರಿಗೆ ಕೊಂಚ ಹೆಚ್ಚು, ಅಷ್ಟೆ. ಶಿವಮೊಗ್ಗಕ್ಕೆ ಹೊರಟ ಇಲ್ಲಿನವನು ಮೊದಲು ಮೈಸೂರಿಗೆ ಹೋಗಿ, ತನ್ನ ಸೀಮೆಯ ಮೇಲೆಯೇ ಹಾರಿ ಬರುವುದು ವ್ಯರ್ಥವೆಂಬುದು ಸ್ಪಷ್ಟ. ಅಲ್ಲದೆ ಇದು ನೇರ ದೂರಕ್ಕೂ ದಾರಿಯ ದೂರಕ್ಕೂ ಇರುವ ಭೇದವನ್ನು ಕಣ್ಣಾರೆ ಕಂಡ ನೆಲ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಹಿನ್ನೀರು ಊರುಗಳನ್ನು ಮುಳುಗಿಸಿತು. ನಿವಾಸಿಗಳು ಬೇರೆಡೆ ನೆಲೆಸಬೇಕಾಯಿತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯ ಅವಶೇಷವು ಮಳೆಗಾಲದಲ್ಲಿ ನೀರಿನಲ್ಲಿಯೂ ಬೇಸಿಗೆಯಲ್ಲಿ ಬಯಲಿನಲ್ಲಿಯೂ ನಿಲ್ಲುತ್ತದೆ. ಎದುರು ದಡದ ಊರು ಹಕ್ಕಿಗೆ ಹತ್ತಿರ, ಬಂಡಿಗೆ ದೂರ.

ಹಾಸನದ ಬಳಿ ಬೂವನಹಳ್ಳಿಯಲ್ಲಿ ಕೈಗೊಂಡಿರುವ ವಿಮಾನ ನಿಲ್ದಾಣದ ಪ್ರಯೋಜನವನ್ನೂ ಈ ಬೆಳಕಿನಲ್ಲಿಯೇ ತೂಗಬೇಕು. ಅಲ್ಲಿಂದ ಮೈಸೂರಿಗೋ ಶಿವಮೊಗ್ಗಕ್ಕೋ ಹಾರುವುದರಿಂದ ಗಳಿಕೆ ಅತ್ಯಲ್ಪ. ಸುಮಾರು 760 ಕಿಲೋಮೀಟರು ದೂರದ ಮುಂಬಯಿಯಂತಹ ನಗರಗಳಿಗಾದರೆ ಒಂದು ರಾತ್ರಿಯ ಪಯಣವೇ ಉಳಿಯುತ್ತದೆ. ನೀರಿಗಾಗಿ ನೆಲವನ್ನು ಬಿಟ್ಟುಕೊಟ್ಟ ಸೀಮೆಯು ಹಾದಿಗಾಗಿ ಮತ್ತೆ ನೆಲವನ್ನು ಕೊಡುವಾಗ, ನಿಲ್ದಾಣದಿಂದ ನಿಲ್ದಾಣಕ್ಕೆ ಎಷ್ಟು ನಿಮಿಷವೆಂದಷ್ಟೇ ಕೇಳಿದರೆ ಸಾಲದು. ಮನೆಯ ಬಾಗಿಲಿನಿಂದ ಎಷ್ಟು ಹೊತ್ತು, ಯಾರಿಗೆ ಉಳಿಯಿತು ಎಂಬುದನ್ನೂ ಲೆಕ್ಕಿಸುವುದು ವಿಹಿತವೆಂದು ನಾವು ಭಾವಿಸುತ್ತೇವೆ.