ಹಾವಿನ ಭಯ ಹುಟ್ಟಿನಿಂದಲೇ ಬಂದದ್ದೇ?

ಪ್ರಶ್ನೆ: ಹಗ್ಗ ಕಂಡರೂ ಹಾವೆಂದು ಬೆಚ್ಚುತ್ತೇವೆ. ಈ ಭಯ ರಕ್ತದಲ್ಲೇ ಇದೆಯೇ?

ಉತ್ತರ: ಪೂರ್ತಿ ಇಲ್ಲ. 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸೂಸನ್ ಮಿನೆಕಾ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲೇ ಬೆಳೆದ ರೀಸಸ್ ಕೋತಿಗಳನ್ನು ಪರೀಕ್ಷಿಸಿದರು. ಹಾವಿನಾಚೆ ಇಟ್ಟ ತಿಂಡಿಗೆ ಅವು ಅಳುಕದೆ ಕೈಚಾಚಿದವು. ಕಾಡಿನಲ್ಲಿ ಬೆಳೆದ ಕೋತಿ ಹಾವು ಕಂಡು ಹೆದರುವುದನ್ನು ಕೆಲವೇ ಸಲ ನೋಡಿದ್ದೇ ತಡ, ಹಿಂಜರಿಯತೊಡಗಿದವು. ಬಳಿಕ ವಿಡಿಯೊ ಜೋಡಿಸಿ, ಕೋತಿ ಹೂವಿಗೆ ಹೆದರಿದಂತೆ ತೋರಿಸಿದರು. ಹೂವಿನ ಭಯವನ್ನು ಅವು ಕಲಿಯಲೇ ಇಲ್ಲ! ಎಂಥ ಸೊಗಸಾದ ಪ್ರಯೋಗ. ವಿಕಾಸ ನಮಗೆ ಕೊಟ್ಟಿರುವುದು ಹಾವಿನ ಭಯವನ್ನು ಬೇಗ ಕಲಿಯುವ ಒಲವು. ಮಕ್ಕಳೂ ದೊಡ್ಡವರನ್ನು ನೋಡಿ ಈ ಭಯವನ್ನು ಕಲಿಯಬಹುದು. ಹಾಗಾಗಿ ಮಕ್ಕಳೆದುರು ಹಾವು ಕಂಡರೆ ಚೀರಬೇಡಿ. ದೂರ ನಿಂತು ಸಮಾಧಾನದಿಂದ ತೋರಿಸಿ.